ಮಗುಚಿ ಹಾಕಿದ ಎಸಳು

ಮಾದಿಹಳ್ಳಿಯ ಧರ್ಮಪ್ಪನ ಮನೆಯಲ್ಲಿ ಎರಡು ಮಗ್ಗುಲೂ ಸವೆಯದೆ ಯಾವ ವಸ್ತುವೂ ತಿಪ್ಪೆ ಕಂಡದ್ದಿಲ್ಲ. ಅಂಗಿಯ ಕಾಲರು ಪಿಸಿದರೆ ಅವನ ಹೆಂಡತಿ ಹನುಮಕ್ಕ ಹೊಲಿಗೆ ಬಿಚ್ಚಿ, ಕಾಲರನ್ನು ಮಗುಚಿ, ಪಿಸಿದ ಕಡೆ ಕೆಳಗೆ ಹೋಗುವಂತೆ ಮತ್ತೆ ಹೊಲಿದು, ಗಂಡನಿಗೆ ಹೊಸ ಅಂಗಿ ತಂದಷ್ಟೇ ಜಂಬದಿಂದ ತೊಡಿಸುತ್ತಿದ್ದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ದೊಡ್ಡವರು ಹೇಳಿದ್ದರೆ, ಹನುಮಕ್ಕ ಆ ಹಾಸಿಗೆಯನ್ನೂ ಮಗುಚಿ ಹಾಕಿ ಇನ್ನೊಂದಷ್ಟು ಕಾಲ ಮಲಗುವವಳು.

ಹೆಂಡತಿಯ ಈ ವಿದ್ಯೆಯನ್ನು ಧರ್ಮಪ್ಪ ಅಂಗಡಿಗೆ ತಂದಿದ್ದ. ಬಸ್ ನಿಲ್ಲುವ ಜಾಗದ ಪಕ್ಕದಲ್ಲೇ ಅವನ ಮನೆ, ಮನೆಯ ಮುಂದಿನ ಕೋಣೆಯೇ ಅಂಗಡಿ. ಔಷಧಿ ಹೊಡೆಯುವ ಮೆಷಿನ್ನು, ಕಳೆ ಕೊಚ್ಚುವ ಮೆಷಿನ್ನು, ಮರ ಕೊಯ್ಯುವ ಮೆಷಿನ್ನು, ಇವಲ್ಲದೆ ಯಗಚಿ ಹಿನ್ನೀರಿನ ದೋಣಿಗಳ ಹಿಂದೆ ಸಿಕ್ಕಿಸುವ ಮೋಟಾರುಗಳು, ಹೀಗೆ ಟೂ-ಸ್ಟ್ರೋಕ್ ಎಂಜಿನ್ನಿನದು ಏನೇ ಕೆಟ್ಟರೂ ಅಲ್ಲಿಗೇ ಬರಬೇಕು. ಇಂಥ ಎಂಜಿನ್ನುಗಳಲ್ಲಿ ಕಾರ್ಬೊರೇಟರಿನ ಹಿಂದೆ ರೀಡ್ ವಾಲ್ವ್ ಎಂದು ಒಂದು ಇರುತ್ತದೆ. ಹಾಳೆಯಷ್ಟು ತೆಳುವಾದ ಉಕ್ಕಿನ ಎಸಳುಗಳು. ಗಾಳಿ, ಪೆಟ್ರೋಲು ಒಳಗೆ ಹೋಗುವಾಗ ಬಾಯಿ ಬಿಡಬೇಕು, ಹಿಂದಕ್ಕೆ ಬರಲು ನೋಡಿದರೆ ಬಾಯಿ ಮುಚ್ಚಬೇಕು, ಅಷ್ಟೇ ಅವುಗಳ ಕೆಲಸ. ಬಾಯಿ ಬಿಟ್ಟೂ ಬಿಟ್ಟೂ ಎಸಳು ಹೊರಕ್ಕೆ ಬಾಗಿ, ಒಂದು ದಿನ ಮುಚ್ಚುವುದನ್ನೇ ಮರೆಯುತ್ತದೆ. ಆಗ ಹಗ್ಗ ಎಳೆದವನ ತೋಳು ಬಿದ್ದುಹೋಗುತ್ತದೆಯೇ ಹೊರತು ಎಂಜಿನ್ನು ಹತ್ತುವುದಿಲ್ಲ.

ಬೇರೆ ಮೆಕ್ಯಾನಿಕ್ಕುಗಳು ಹೊಸ ಎಸಳು ತನ್ನಿ ಎನ್ನುತ್ತಿದ್ದರು. ಧರ್ಮಪ್ಪ ಮಾತ್ರ ಅದನ್ನು ಬಿಚ್ಚಿ, ಕಾಲರಿನ ಹಾಗೆ ಮಗುಚಿ ಹಾಕುತ್ತಿದ್ದ. ಹೊರಕ್ಕೆ ಬಾಗಿದ್ದು ಒಳಕ್ಕೆ ಒತ್ತಿ ಗಪ್ಪನೆ ಕೂರುತ್ತಿತ್ತು. ಒಂದೇ ಎಳೆತಕ್ಕೆ ಎಂಜಿನ್ನು ಶುರು. ಒಂದು ಕಡೆ ಬಾಗಿ ಬಳಲಿದ್ದನ್ನು ಇನ್ನೊಂದು ಕಡೆ ಬಾಗಿಸಿದರೆ ಅದು ಎಷ್ಟು ದಿನ ತಡೆದೀತು ಎಂದು ಯಾರೂ ಕೇಳುತ್ತಿರಲಿಲ್ಲ. ಕೆಲಸ ಬೇಗ ಆಯಿತು, ಅಗ್ಗಕ್ಕೆ ಆಯಿತು. ಹಳೇಬೀಡಿನಿಂದ ಬೇಲೂರಿನವರೆಗೆ 'ಧರ್ಮಣ್ಣನ ಕೈ' ಎಂದೇ ಹೆಸರು.

ಆ ಕೈ ಈಗ ಧರ್ಮಪ್ಪನದಾಗಿರಲಿಲ್ಲ. ಅವನ ಸೊಸೆ ಕೋಮಲಳದಾಗಿತ್ತು.

ಕೋಮಲ ಬಾಣಾವರದ ಹುಡುಗಿ. ಮದುವೆಯಾಗಿ ಬಂದ ಹೊಸತರಲ್ಲಿ ಮಾವ ಒಂದು ಎಸಳು ಹಿಡಿದುಕೊಂಡು ಹಿತ್ತಲ ಜಗಲಿಗೆ ಬಂದು, "ನೋಡವ್ವ, ಇದು ಎಲ್ಲಾರಾ ಬಿರುಕು ಬಿಟ್ಟೈತಾ?" ಎಂದು ಕೇಳಿದ್ದ. ಅವನ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು, ಆಪರೇಷನ್ ಎಂದರೆ ಉರಿದುಬೀಳುತ್ತಿದ್ದ. ನೋಡಿ ಹೇಳುವುದು ಸ್ಕ್ರೂ ಬಿಚ್ಚುವುದಾಯಿತು, ಬಿಚ್ಚುವುದು ಹಾಕುವುದಾಯಿತು, ಕೊನೆಗೆ ಇಡೀ ಕೆಲಸವೇ ಅವಳ ಮಡಿಲಿಗೆ ಬಂತು. ಕೆಟ್ಟ ಮೆಷಿನ್ನು ಮುಂಬಾಗಿಲಿನಿಂದ ಬಂದು, ನಡುಮನೆ ದಾಟಿ, ಹಿತ್ತಲ ಜಗಲಿಯಲ್ಲಿ ಕೋಮಲಳ ಕೈಯಲ್ಲಿ ನೆಟ್ಟಗಾಗಿ, ಮತ್ತೆ ಅದೇ ದಾರಿಯಲ್ಲಿ ಮುಂದಕ್ಕೆ ಹೋಗುತ್ತಿತ್ತು. ಧರ್ಮಪ್ಪ ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಗಿರಾಕಿಗೆ ಒಪ್ಪಿಸುತ್ತಿದ್ದ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಆ ಮನೆಯಲ್ಲಿ ಕೈ ಒಬ್ಬರದು, ಬಾಯಿ ಇನ್ನೊಬ್ಬರದು.

ಕೋಮಲಳಿಗೆ ಬೇಕಾಗಿದ್ದುದು ಒಂದೇ. ಮುಂದಿನ ಅಂಗಡಿಯಲ್ಲಿ, ಜನ ಕಾಣುವ ಹಾಗೆ ಕೂತು ಕೆಲಸ ಮಾಡುವುದು. ಚಿನ್ನ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಒಂದು ಮಧ್ಯಾಹ್ನ ಮುದ್ದೆ ಬಡಿಸುತ್ತಾ ಆ ಮಾತು ಎತ್ತಿದಳು.

"ಮಾವ, ಜಗಲೀಲಿ ಬೆಳಕು ಸಾಲ್ದು. ನಾನು ಅಂಗಡೀಲೇ ಕೂತ್ಕೊಂಡು ಮಾಡ್ಲಾ?"

ಧರ್ಮಪ್ಪ ಮುದ್ದೆ ಮುರಿಯುತ್ತಿದ್ದವನು ಕೈ ನಿಲ್ಲಿಸಿದ. ಉತ್ತರ ಕೊಟ್ಟಿದ್ದು ಹನುಮಕ್ಕ.

"ಗಂಡಸ್ರು ಬೀಡಿ ಸೇದ್ಕೊಂಡು ನಿಲ್ಲೋ ಜಾಗ ಅದು. ಅಲ್ಲಿ ಹೋಗಿ ಕಾಲು ಮಡಿಸ್ಕೊಂಡು ಕೂತ್ರೆ ನೋಡ್ದೋರು ಏನಂದಾರು?"

"ರಿಪೇರಿ ಮಾಡ್ತಾವಳೆ ಅಂತಾರೆ, ಅತ್ತೆ. ಇನ್ನೇನಂತಾರೆ?"

"ಧರ್ಮಪ್ಪಂಗೆ ಕಣ್ಣು ಹೋಯ್ತು ಅಂತಾರೆ."

ಅಲ್ಲಿಗೆ ನಿಜ ಹೊರಬಿತ್ತು. ಧರ್ಮಪ್ಪ ಹೆಂಡತಿಯ ಕಡೆ ಕೆಂಗಣ್ಣು ಬಿಟ್ಟ, ಪೊರೆ ಬಂದ ಆ ಕಣ್ಣಿಗೆ ಅವಳು ಎಷ್ಟು ಕಂಡಳೋ ಏನೋ. ಕೋಮಲ ಗಂಡನ ಕಡೆ ನೋಡಿದಳು. ಬೀರೇಶ್ ಹಿನ್ನೀರಿನಲ್ಲಿ ದೇವರಾಜ್ ಎಂಬುವವನ ದೋಣಿ ಓಡಿಸುವ ಕೆಲಸದಲ್ಲಿದ್ದ. ಬೇಲೂರು ದೇವಸ್ಥಾನ ನೋಡಲು ಬಂದವರನ್ನು ಕೂರಿಸಿಕೊಂಡು ನೀರಿನ ಮೇಲೆ ಒಂದು ಸುತ್ತು ಹಾಕಿಸುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರ ಪೈಕಿ ಅವನು. "ಸಾರು ಚೆನ್ನಾಗೈತೆ, ಇನ್ನೊಂಚೂರು ಹಾಕು," ಎಂದ.

"ಆಯ್ತು, ನೋಡಾನ," ಎಂದು ಧರ್ಮಪ್ಪ ಮಾತು ಮುಗಿಸಿದ. "ದೇವರಾಜ ಒಂದು ಮೋಟ್ರು ತತ್ತೀನಿ ಅಂದವ್ನೆ. ಅದನ್ನ ಚೆನ್ನಾಗಿ ಮಾಡು. ಸಂಕ್ರಾಂತಿ ಕಳೆದ್ಮೇಲೆ ಕೂರೀವಂತೆ."

ಕೋಮಲ ಅಷ್ಟಕ್ಕೇ ಹಿಗ್ಗಿದಳು. ಹಸಿದವನಿಗೆ ಹಳಸಿದ ಅನ್ನವೂ ರುಚಿ.

ಅವರೆಕಾಯಿ ಸಂತೆಗೆ ಬರುವ ಹೊತ್ತಿಗೆ ದೇವರಾಜ್ ಗೂಡ್ಸ್ ಆಟೋದಲ್ಲಿ ಮೋಟಾರು ಹೇರಿಕೊಂಡು ಬಂದ. ಜೊತೆಗೆ ಬೀರೇಶನೂ ಇದ್ದ, ಇಬ್ಬರೂ ಸೇರಿ ಇಳಿಸಿದರು.

"ಧರ್ಮಣ್ಣ, ಎಳೆದೂ ಎಳೆದೂ ನಿನ್ ಮಗನ ರಟ್ಟೆ ಬಿದ್ದೋಯ್ತು, ಹತ್ತಾನೇ ಇಲ್ಲ," ಎಂದ ದೇವರಾಜ್. "ಕ್ರಿಸ್‌ಮಸ್ ರಜಾ ಬಂತು. ಹೊಸ ಎಸಳು ಮಂಗಳೂರಿಂದ ಬರ್ಬೇಕಂತೆ. ಅಲ್ಲೀಗಂಟ ದೋಣಿ ಕಟ್ಟಾಕ್ಕೊಂಡು ಕೂರಕ್ಕಾಯ್ತದಾ?"

"ಮಂಗಳೂರ್ಯಾಕೆ, ನಾನಿಲ್ವಾ? ನಾಳಿದ್ದು ಬಂದು ತಗಂಡೋಗು."

ಮರುದಿನ ಹಿತ್ತಲ ಜಗಲಿಯಲ್ಲಿ ಹನುಮಕ್ಕ ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಹಿತುಕುತ್ತಿದ್ದಳು. ಅವಳ ಎದುರಿಗೇ ಕೋಮಲ ಗೋಣಿತಾಟು ಹಾಸಿ ಮೋಟಾರು ಬಿಚ್ಚಿದಳು. ಎಸಳು ಹೊರಬಂದ ಕೂಡಲೇ ಅವಳ ಮುಖ ಸಣ್ಣದಾಯಿತು. ಒಮ್ಮೆ ಮಗುಚಿದ ಎಸಳಿನ ಬುಡದಲ್ಲಿ ಮೊಳೆಯಿಂದ ಒಂದು ಚುಕ್ಕಿ ಕೊರೆಯುವುದು ಅವಳದೇ ಪದ್ಧತಿ. ಇದರಲ್ಲಿ ಚುಕ್ಕಿ ಇತ್ತು. ಚುಕ್ಕಿಯ ಪಕ್ಕದಲ್ಲಿ ಕೂದಲೆಳೆಯಂಥ ಒಂದು ಗೆರೆಯೂ ಇತ್ತು.

"ಮಾವ, ಇದು ಆಗ್ಲೇ ಒಂದ್ಸಲ ಮಗುಚಿರೋದು."

"ಇನ್ನೊಂದ್ಸಲ ಮಗುಚು. ದೋಸೆನ ಒಂದೇ ಸಲ ಮಗುಚ್ಬೇಕು ಅಂತ ಕಾನೂನು ಐತಾ?"

"ಬುಡದಲ್ಲಿ ಗೆರೆ ಕಾಣ್ತೈತೆ. ಬಿರುಕು ಅನ್ಸುತ್ತೆ ಮಾವ."

ಧರ್ಮಪ್ಪ ಬುಡದಲ್ಲಿ ಕೂಡಿಕೊಂಡಿದ್ದ ಎಸಳುಗಳ ಜೋಡಿಯನ್ನು ಇಸಿದುಕೊಂಡು ಬಿಸಿಲಿಗೆ ಹಿಡಿದ. ಹತ್ತಿರ ತಂದ, ದೂರ ಹಿಡಿದ. ಹೆಬ್ಬೆರಳ ಉಗುರಿನಿಂದ ಕೆರೆದು ನೋಡಿದ. ಗೆರೆ ಇದ್ದದ್ದು ಒಂದು ಎಸಳಿನಲ್ಲಿ, ಅವನು ಕೆರೆದದ್ದು ಅದರ ಪಕ್ಕದ ಎಸಳನ್ನು.

"ಗೀರು ಕಣವ್ವಾ. ಬಿರುಕಾಗಿದ್ರೆ ಉಗುರಿಗೆ ಸಿಕ್ತಿತ್ತು."

"ಅದಲ್ಲ ಮಾವ, ಈ ಪಕ್ಕದ್ದು. ಇದನ್ನ ಹಾಕೋದು ಬ್ಯಾಡ, ಹೊಸದು ತರ್ಸಾನ."

"ನಂಗೇ ಹೇಳ್ಕೊಡೋ ಅಷ್ಟಾದ್ಯಾ ನೀನು? ನಾಳೆ ಮುಂದ್ಗಡೆ ಕೂತಾಗ ಗಿರಾಕಿ ಎದುರ್ಗೂ ಹಿಂಗೇ ಮಾತಾಡೀಯಾ? ಹಂಗಾದ್ರೆ ಅಲ್ಲಿಗೆ ಬರೋದೇ ಬ್ಯಾಡ ಬುಡು."

ಕೋಮಲ ಸ್ಕ್ರೂಡ್ರೈವರ್ ಎತ್ತಿಕೊಂಡಳು. ಇಲ್ಲಿ ಅವಳ ತಪ್ಪೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಕಣ್ಣು ಕಾಣದವನ ಮಾತು ಕೇಳಿ, ಕಣ್ಣಿದ್ದವಳು ಆ ಎಸಳನ್ನು ಮಗುಚಿ ಸ್ಕ್ರೂ ಬಿಗಿದಳು. ಮುಂದಿನ ಕೋಣೆಯ ಆಸೆ ಅವಳ ಕೈ ನಡೆಸಿತು. ಹನುಮಕ್ಕ ಒಂದು ಕಾಳನ್ನೂ ಕೆಳಗೆ ಬೀಳಿಸದೆ ಹಿತುಕುತ್ತಲೇ ಇದ್ದಳು.

ಸಂಜೆ ಬೀರೇಶ್ ಕಾಲು ತೊಳೆಯುವಾಗ ಕೋಮಲ ನೀರಿನ ಚೊಂಬು ಹಿಡಿದು ನಿಂತು ಎಲ್ಲವನ್ನೂ ಹೇಳಿದಳು.

"ಅಪ್ಪನೇ ಸರಿ ಅಂದ್ಮೇಲೆ ನಿಂದೇನೇ?" ಎಂದ ಅವನು.

"ಅವರಿಗೆ ಕಾಣ್ಸಲ್ಲ ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತು."

"ಮತ್ತೆ? ನೀವಾದ್ರೂ ದೇವರಾಜಣ್ಣಂಗೆ ಹೇಳ್ರಿ."

"ಹೇಳಿದ್ರೆ ರಜಾ ಮುಗಿಯೋಗಂಟ ದೋಣಿ ನಿಲ್ಲಿಸ್ತಾನೆ. ದೋಣಿ ನಿಂತ್ರೆ ನಾನೂ ಮನೇಲೇ. ದಡದ ಹತ್ರಾನೇ ಓಡಿಸ್ತೀನಿ, ಬುಡು. ಟವಲ್ ಕೊಡು."

ಮೋಟಾರು ಒಂದೇ ಎಳೆತಕ್ಕೆ ಹತ್ತಿಕೊಂಡಿತು. ದೇವರಾಜ್ ಖುಷಿಯಾಗಿ, ತೋಳುದ್ದದ ಒಂದು ಕಾಟ್ಲಾ ಮೀನನ್ನು ಹಿಡಿದುಕೊಂಡು ಅಂಗಡಿಗೆ ಬಂದ. "ಕೈ ಅಂದ್ರೆ ನಿನ್ ಕೈ ಕಣಣ್ಣ," ಎಂದು ಧರ್ಮಪ್ಪನ ಕೈ ಹಿಡಿದು ಕುಲುಕಿದ. ಆ ಮೀನನ್ನು ಹಿತ್ತಲಲ್ಲಿ ಹೆರೆದು, ಕೊಯ್ದು, ಸಾರು ಮಾಡಿದವಳು ಕೋಮಲ. ತಲೆ ಧರ್ಮಪ್ಪನ ತಟ್ಟೆಗೆ ಹೋಯಿತು, ನಡುವಿನ ತುಂಡುಗಳು ಬೀರೇಶನಿಗೆ. ಬಾಲದ ತುಂಡಿನ ಮುಳ್ಳು ಬಿಡಿಸುತ್ತಾ ಕೋಮಲ ಆ ಗೆರೆಯನ್ನು ಮರೆಯಲು ನೋಡಿದಳು. ದಿನ ಕಳೆದಂತೆ ಅರ್ಧ ಮರೆತೂಬಿಟ್ಟಳು. ಅಟ್ಟದ ಮೇಲಿದ್ದ ಹಳೇ ಸ್ಟೂಲನ್ನು ಇಳಿಸಿ ತೊಳೆದು ಬಿಸಿಲಿಗಿಟ್ಟಳು.

"ಯಾಕೆ ಅವಸರ, ಇನ್ನೂ ಎಳ್ಳು ಹುರಿದಿಲ್ಲ," ಎಂದು ಹನುಮಕ್ಕ ಕೊಂಕು ತೆಗೆದಳು.

ಎಳ್ಳು ಹುರಿಯುವ ಮೊದಲೇ ಫೋನು ಬಂತು. ಕೋಮಲ ಮುದ್ದೆ ತೊಳಸುತ್ತಿದ್ದಳು. ಮುಂದಿನ ಕೋಣೆಯಿಂದ ಧರ್ಮಪ್ಪನ ದನಿ ಮಾತ್ರ ಕೇಳಿಸುತ್ತಿತ್ತು. "ಯಾವಾಗ್ಲಾ? ಬೀರೇಶ ಹೆಂಗವ್ನೆ? ಆಸ್ಪತ್ರೆಗಾ?" ಕೋಮಲಳ ಕೈಯಿಂದ ಮುದ್ದೆ ಕೋಲು ಜಾರಿ ಒಲೆಯ ಬೂದಿಗೆ ಬಿತ್ತು. ಅವಳ ಮನಸ್ಸಿಗೆ ಮೊದಲು ಬಂದದ್ದು ಗಂಡ, ಅದರ ಬೆನ್ನಿಗೇ ಆ ಕೂದಲೆಳೆ.

ಬೀರೇಶ್ ಸಂಜೆ ಎರಡೂ ಅಂಗೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಬಂದ. ನಡುಮನೆಯಲ್ಲಿ ಗೋಡೆಗೆ ಒರಗಿ ಕೂತು ಹೇಳಿದ. ತುಮಕೂರು ಕಡೆಯ ಒಂದು ಸಂಸಾರ ಹತ್ತಿತ್ತು. ಫೋಟೋ ಚೆನ್ನಾಗಿ ಬರಬೇಕು, ನಡುನೀರಿಗೆ ಹೋಗೋಣ ಎಂದರು, ಹೋದ. ಮೋಟಾರು ಕೆಮ್ಮಿತು, ಪೆಟ್ರೋಲು ಹಿಂದಕ್ಕೆ ಉಗುಳಿತು, ನಿಂತುಹೋಯಿತು. ಅಂಗೈ ಚರ್ಮ ಸುಲಿಯುವ ತನಕ ಹಗ್ಗ ಎಳೆದ. ಗಾಳಿ ದೋಣಿಯನ್ನು ನೂಕಿಕೊಂಡು ಹೋಗಿ, ನೀರಿನಲ್ಲಿ ನಿಂತ ಒಣಮರದ ಬೊಡ್ಡೆಗಳಿಗೆ ಒಗೆಯಿತು. ವಯಸ್ಸಾದ ಹೆಂಗಸೊಬ್ಬಳು ಬೊಡ್ಡೆಗೂ ದೋಣಿಗೂ ನಡುವೆ ಸಿಕ್ಕಿ, ಭುಜದ ಮೂಳೆ ಪುಡಿಯಾಯಿತು. ಮೀನು ಹಿಡಿಯುವವರು ತೆಪ್ಪ ತಂದು ಎಲ್ಲರನ್ನೂ ದಡಕ್ಕೆ ಸೇರಿಸಿದರು.

"ಜೀವ ಉಳೀತಲ್ಲ," ಎಂದು ಹನುಮಕ್ಕ ದೇವರ ಗೂಡಿನ ಕಡೆ ಕೈಮುಗಿದಳು.

"ಆಯಮ್ಮನ ಕೈ ಇನ್ನು ಮೇಲೇಳಲ್ವಂತೆ," ಎಂದ ಬೀರೇಶ್.

ಯಾರೂ ಎಸಳಿನ ಮಾತೆತ್ತಲಿಲ್ಲ. ಆ ನಡುಮನೆಯಲ್ಲಿದ್ದ ನಾಲ್ವರಿಗೂ ಅದು ಗೊತ್ತಿತ್ತು. ಕೋಮಲ ಗಂಡನಿಗೆ ತುತ್ತು ಮಾಡಿ ತಿನ್ನಿಸಿದಳು. ಅವನು ಅವಳ ಮುಖ ನೋಡದೆ ನುಂಗಿದ.

ಕೆಲವು ದಿನ ಕಳೆದು ದೇವರಾಜ್ ಬಂದ. ಹಾಸನದ ಯಾವನೋ ಮೆಕ್ಯಾನಿಕ್ಕು ಮೋಟಾರು ಬಿಚ್ಚಿದ್ದ. ಮುರಿದ ಎಸಳಿನ ಚೂರು ಒಳಗೆ ಹೋಗಿ ಪಿಸ್ಟನ್ನನ್ನು ಗೀರಿಹಾಕಿತ್ತು. ಆ ಚೂರನ್ನು ಕಾಗದದಲ್ಲಿ ಸುತ್ತಿ ತಂದಿದ್ದ ದೇವರಾಜ್, ಅಂಗಡಿಯ ಮುಂದೆ ಎಲ್ಲರಿಗೂ ಕಾಣುವ ಹಾಗೆ ಬಿಚ್ಚಿದ. ಬಸ್ಸಿಗೆ ಕಾಯುತ್ತಿದ್ದವರೂ ಬಂದು ಸುತ್ತ ನಿಂತರು. ಬೀರೇಶ್ ಅಂಗಡಿಯ ಮೂಲೆಯಲ್ಲಿದ್ದ. ಕೋಮಲ, ಹನುಮಕ್ಕ ನಡುಮನೆಯ ಬಾಗಿಲಿಗೆ ಬಂದು ನಿಂತರು.

"ಏನ್ ಧರ್ಮಣ್ಣ ಇದು? ಮುರಿಯೋ ಎಸಳು ಹಾಕಿ ಕೊಟ್ಟಿದ್ದೀಯ. ಆ ಮುದುಕಿ ಸತ್ತಿದ್ರೆ ನಾನು ಜೈಲಲ್ಲಿರ್ತಿದ್ದೆ. ಇದೇನಾ ನಿನ್ ಕೈ?"

ಧರ್ಮಪ್ಪ ಚೂರನ್ನು ಮುಟ್ಟಲಿಲ್ಲ. ಒಮ್ಮೆ ಜನರ ಕಡೆ, ಒಮ್ಮೆ ರಸ್ತೆಯ ಕಡೆ ತಿರುಗಿದ. ಆಮೇಲೆ ನಿಧಾನವಾಗಿ, ಬೇರೆಯವರ ಮನೆಯ ಸುದ್ದಿ ಹೇಳುವವನಂತೆ ಹೇಳಿದ.

"ನನ್ ಕೈ ಅಲ್ಲಪ್ಪ. ಅವತ್ತು ನಂಗೆ ಮೈಗೆ ಸರಿ ಇರ್ಲಿಲ್ಲ. ನನ್ ಸೊಸೆ ಬಿಚ್ಚಿ ಹಾಕ್ಬುಟ್ಟವ್ಳೆ."

ಅಷ್ಟು ಜನರ ಕಣ್ಣು ಒಟ್ಟಿಗೆ ನಡುಮನೆಯ ಬಾಗಿಲಿಗೆ ಬಂತು. ಮೆಷಿನ್ನು ರಿಪೇರಿ ಮಾಡುವವಳು ಎಂದು ಊರು ಕೋಮಲಳನ್ನು ನೋಡಿದ್ದು ಅದೇ ಮೊದಲು. ಅವಳ ಕಿವಿ ಬಿಸಿಯಾಯಿತು.

"ಮಾವ, ಗೆರೆ ಐತೆ ಅಂತ ನಾನು ಹೇಳ್ಲಿಲ್ವಾ? ಹೊಸದು ತರ್ಸಾನ ಅಂದೆ. ಗೀರು ಅಂದೋರು ನೀವು."

"ಯಾವಾಗ ಹೇಳ್ದೆ?"

"ಅತ್ತೆ ಅಲ್ಲೇ ಅವರೆಕಾಳು ಹಿತುಕ್ತಿದ್ರು. ಕೇಳಿ."

ದೇವರಾಜ್ ಹನುಮಕ್ಕನ ಕಡೆ ತಿರುಗಿದ. ಹನುಮಕ್ಕ ಸೆರಗು ಎಳೆದುಕೊಂಡಳು.

"ನಂಗೇನೂ ಕೇಳಿಸ್ಲಿಲ್ಲಪ್ಪ. ಹೆಂಗಸ್ರಿಗೆ ಅವೆಲ್ಲಾ ಎಲ್ಲಿ ಅರ್ಥ ಆಯ್ತವೆ?"

ಕೋಮಲ ಕೊನೆಗೆ ಗಂಡನ ಕಡೆ ನೋಡಿದಳು. ಅವನಿಗೂ ಹೇಳಿದ್ದಳು, ಕಾಲು ತೊಳೆಯುವಾಗ. ಬೀರೇಶ್ ತನ್ನ ಬ್ಯಾಂಡೇಜಿನ ಗಂಟನ್ನು ಹಲ್ಲಿನಿಂದ ಬಿಗಿ ಮಾಡಿಕೊಳ್ಳುತ್ತಿದ್ದ. ಬಾಯಿ ತುಂಬಾ ಬಟ್ಟೆ ಇದ್ದವನು ಏನು ತಾನೇ ಹೇಳಿಯಾನು.

"ಹೆಣ್ಣೆಂಗಸಿನ ಕೈಗೆ ಎಂಜಿನ್ ಕೊಟ್ರೆ ಇನ್ನೇನಾಯ್ತದೆ?" ಎಂದ ಗುಂಪಿನಲ್ಲಿ ಒಬ್ಬ. ದೇವರಾಜ್ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಬೀರೇಶನಿಗೆ ಇನ್ನು ಕೆಲಸಕ್ಕೆ ಬರಬೇಡ ಎಂದು ಹೇಳಿ ಹೋದ.

ಆಮೇಲಿನ ದಿನಗಳಲ್ಲಿ ಕೋಮಲ ಕಸ ಗುಡಿಸಿದಳು, ಹಾಲು ಕರೆದು ಡೇರಿಗೆ ಹಾಕಿದಳು, ಮುದ್ದೆ ತೊಳಸಿದಳು. ಸ್ಕ್ರೂಡ್ರೈವರ್ ಮಾತ್ರ ಮುಟ್ಟಲಿಲ್ಲ. ಸ್ಟೂಲು ಅಟ್ಟಕ್ಕೆ ವಾಪಸಾಯಿತು. ಬೀರೇಶ್ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರಲು ಸೇರಿಕೊಂಡು, ವಾರಕ್ಕೊಮ್ಮೆ ಬಂದು ಹೋಗುವಂತಾದ.

ಒಂದು ಬೆಳಿಗ್ಗೆ ರೊಟ್ಟಿ ಬೇಯಿಸುವಾಗ ಹನುಮಕ್ಕ ತಾನಾಗಿ ಮಾತು ತೆಗೆದಳು.

"ಎಷ್ಟು ದಿನ ಅಂತ ಹಿಂಗೆ ಮುಖ ಊದಿಸ್ಕೊಂಡಿರ್ತೀಯ?"

"ನಿಮಗೆ ಕೇಳಿಸಿತ್ತು, ಅತ್ತೆ."

"ಕೇಳಿಸಿತ್ತು. ಈಗೇನು? ನಾಕು ಜನದ ಮುಂದೆ ಗಂಡನ ಮರ್ಯಾದೆ ಹೋಯ್ತಿದ್ರೆ ನಾನು ಅದಕ್ಕೆ ಇನ್ನೊಂದು ಕಲ್ಲು ಹಾಕ್ಲಾ? ಅವರಿಗಿರೋದು ಅದೊಂದೇ ಹೆಸ್ರು. ನೀನಿನ್ನೂ ಚಿಕ್ಕೋಳು, ನಿಂದು ಜನ ಮರೀತಾರೆ."

"ನನ್ ಹೆಸ್ರು ಜನಕ್ಕೆ ಗೊತ್ತಾಗಿದ್ದೇ ಅವತ್ತು. ಆಗ್ಲೇ ಮರೀಬೇಕಾ?"

"ಬಾಯಿ ಜಾಸ್ತಿ ಆಯ್ತು ನಿಂಗೆ. ರೊಟ್ಟಿ ಸೀಯ್ತೈತೆ, ಮಗುಚು."

ಊರಿನ ನ್ಯಾಯ ಸೊಗಸಾಗಿತ್ತು. ಧರ್ಮಪ್ಪನ ಹೆಸರು ಹೋಗಲಿಲ್ಲ, ಬೆಳೆಯಿತು. ಅವನು ಕೈ ಹಾಕಿದ್ದರೆ ಹೀಗಾಗುತ್ತಿತ್ತೇ, ಸೊಸೆ ಮುಟ್ಟಿದ್ದಕ್ಕೇ ಮುರಿಯಿತು ಎಂದು ಜನ ಮೆಷಿನ್ನುಗಳನ್ನು ಹೊತ್ತುಕೊಂಡು ಬರುತ್ತಲೇ ಇದ್ದರು. ಧರ್ಮಪ್ಪ ಎಲ್ಲವನ್ನೂ ಇಳಿಸಿಕೊಂಡ, ಒಂದನ್ನೂ ಬಿಚ್ಚಲಾರದೆ ಹೋದ. ಮೆಷಿನ್ನುಗಳು ಗೋಡೆಗೆ ಸಾಲಾಗಿ ಒರಗಿದವು. ಆಗ ಹನುಮಕ್ಕನೇ ಸೊಸೆಯ ಗಡ್ಡ ಹಿಡಿದು ಬೇಡಿಕೊಂಡಳು, ಮನೆ ನಡೆಯಬೇಕಲ್ಲವ್ವ ಎಂದು. ಕೋಮಲ ಮತ್ತೆ ಹಿತ್ತಲ ಜಗಲಿಯಲ್ಲಿ ಗೋಣಿತಾಟು ಹಾಸಿದಳು. ಮಾವನ ಜೊತೆ ಒಂದೇ ಕರಾರು.

"ಮಗುಚಿ ಹಾಕಲ್ಲ. ಹೊಸದು ತಂದ್ರೆ ಹಾಕ್ತೀನಿ."

"ಆಯ್ತು ಕಣವ್ವಾ, ನೀನು ಹೇಳ್ದಂಗೇ," ಎಂದ ಧರ್ಮಪ್ಪ. ಜೇನು ಸುರಿದ ಹಾಗಿತ್ತು ದನಿ. ಒಳಗೆ ಮೆತ್ತಗೆ ಮಾತಾಡುವುದಕ್ಕೆ ಅವನಿಗೇನೂ ಖರ್ಚಿರಲಿಲ್ಲ.

ಶಿವರಾತ್ರಿ ಹತ್ತಿರ ಬಂದಾಗ ಬಸ್ತಿಹಳ್ಳಿಯ ಮರಿಯಣ್ಣ ತನ್ನ ಮರ ಕೊಯ್ಯುವ ಮೆಷಿನ್ನು ತಂದ. ಹಳೇ ಗಿರಾಕಿ, ತೆಂಗಿನ ತೋಟದವನು. ನಡುಮನೆಯ ಬಾಗಿಲು ತೆರೆದೇ ಇತ್ತು. ಹಿತ್ತಲಿನಲ್ಲಿದ್ದ ಕೋಮಲಳಿಗೆ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತು.

"ಧರ್ಮಣ್ಣ, ನೀನೇ ಬಿಚ್ಬೇಕು. ಸೊಸೆ ಕೈಗೆ ಕೊಟ್ಟೀಯ ಮತ್ತೆ."

"ಏ, ಆ ತಪ್ಪು ಇನ್ನೊಂದ್ಸಲ ಮಾಡ್ತೀನೇನ್ಲಾ? ಅವಳನ್ನ ಒಲೆ ಮುಂದಕ್ಕೆ ಅಟ್ಟಿದ್ದಾಯ್ತು. ನೀನು ಅಲ್ಲಿ ಟೀ ಕುಡಿ, ಒಳ್ಗಡೆ ಹೋಗಿ ನೋಡ್ಕೊಂಡ್ ಬತ್ತೀನಿ."

ಧರ್ಮಪ್ಪ ಮೆಷಿನ್ನು ಹೊತ್ತುಕೊಂಡು ನಡುಮನೆ ದಾಟಿ ಬಂದು, ಕೋಮಲಳ ಮುಂದೆ ಇಟ್ಟ. "ನೋಡವ್ವ, ಏನಾಗೈತೆ ಅಂತ. ಬೇಗ ಆಗ್ಲಿ," ಎಂದ.

ಕೋಮಲ ಎದ್ದಳು. ಸ್ಕ್ರೂಡ್ರೈವರನ್ನು ಸೆರಗಿಗೆ ಸಿಕ್ಕಿಸಿಕೊಂಡಳು, ಮೆಷಿನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

"ಎಲ್ಲಿಗವ್ವಾ? ಕೋಮಲ, ಎಲ್ಲಿಗೆ?"

ಅವಳು ನಡುಮನೆ ದಾಟಿ, ಅಂಗಡಿ ದಾಟಿ, ರಸ್ತೆ ಕಡೆಯ ಮೆಟ್ಟಿಲ ಮೇಲೆ ಕೂತಳು. ಮೆಷಿನ್ನನ್ನು ಮಡಿಲಲ್ಲಿಟ್ಟುಕೊಂಡು ಮೇಲಿನ ಮುಚ್ಚಳ ಬಿಚ್ಚತೊಡಗಿದಳು. ಟೀ ಲೋಟ ಹಿಡಿದಿದ್ದ ಮರಿಯಣ್ಣ ಹತ್ತಿರ ಬಂದ. ಬಸ್ಸಿಗೆ ನಿಂತವರೂ ತಿರುಗಿದರು.

"ಏನವ್ವ ಇದು? ಧರ್ಮಣ್ಣ ಎಲ್ಲಿ?"

"ಬತ್ತಾರೆ. ಮರಿಯಣ್ಣ, ಹೋದ ಗೌರಿ ಹಬ್ಬದಲ್ಲಿ ಇದರ ಹಗ್ಗ ಕಿತ್ತೋಗಿತ್ತಲ್ಲ, ಹೊಸದು ಹಾಕಿದ್ದು ಯಾರು?"

"ಧರ್ಮಣ್ಣ."

"ನಾನು. ಅದಕ್ಕೂ ಮುಂಚೆ ಕಾರ್ಬೊರೇಟರ್ ಕಟ್ಕೊಂಡಿತ್ತು. ಅದೂ ನಾನು. ನಿಮ್ಮ ತಮ್ಮನ ಔಷಧಿ ಮೆಷಿನ್ನು, ನಾನು. ಇಲ್ಲಿ ನಿಂತವರಲ್ಲಿ ಯಾರ್ಯಾರ ಮೆಷಿನ್ನು ಈ ಅಂಗಡಿಗೆ ಬಂದಿತ್ತೋ ಎಲ್ಲಾ ನಾನೇ ಮಾಡಿದ್ದು. ದೋಣಿದು ನಾನು ಮಾಡ್ದೆ ಅಂದ್ರಲ್ಲ ಮಾವ, ಅದು ನಿಜ. ಉಳಿದಿದ್ದೂ ನಿಜ ಹೇಳ್ಲಿ. ಅವರಿಗೆ ಕಣ್ಣು ಕಾಣ್ಸಲ್ಲ."

ಧರ್ಮಪ್ಪ ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದ. "ಸುಳ್ಳು. ಇವಳಿಗೆ ತಲೆ ಕೆಟ್ಟೈತೆ," ಎಂದ.

ಕೋಮಲ ಬಿಚ್ಚಿದ ಸ್ಕ್ರೂವನ್ನು ಬೆರಳ ತುದಿಯಲ್ಲಿ ಹಿಡಿದು ಅವನ ಕಡೆಗೆ ಚಾಚಿದಳು. "ತಗಳ್ಳಿ ಮಾವ. ನೀವೇ ಹಾಕಿ."

ಧರ್ಮಪ್ಪ ಕೈ ಮುಂದೆ ಮಾಡಿದ. ಆ ಕೈ ಅವಳ ಬೆರಳಿಂದ ಒಂದು ಗೇಣು ಆಚೆಗೆ ಹೋಗಿ, ಗಾಳಿಯನ್ನು ಹಿಡಿದು ನಿಂತಿತು. ಕೋಮಲಳಿಗೆ ಆ ಗಳಿಗೆಯಲ್ಲಿ ಗೆದ್ದೆ ಅನ್ನಿಸಲಿಲ್ಲ. ಆದರೂ ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆಯಲಿಲ್ಲ.

ಮರಿಯಣ್ಣ ಅವಳಿಗೆ ಭೇಷ್ ಎನ್ನುತ್ತಾನೆ ಎಂದು ನೀವು ಎಣಿಸಿದ್ದರೆ, ನಿಮಗೆ ನಮ್ಮ ಕಡೆಯ ಜನ ಗೊತ್ತಿಲ್ಲ. ಅವನು ಟೀ ಲೋಟ ಕೆಳಗಿಟ್ಟು, ಹೆಗಲ ಟವಲನ್ನು ಹಾಸಿ, ಅವಳ ಮಡಿಲಿನಿಂದ ಮೆಷಿನ್ನನ್ನು ಎತ್ತಿ ಅದರಲ್ಲಿಟ್ಟ. ಬಿಚ್ಚಿದ ಮುಚ್ಚಳವನ್ನೂ ಹಾಕಿದ. ಅವಳ ಬೆರಳ ತುದಿಯಿಂದ ಸ್ಕ್ರೂವನ್ನೂ ತೆಗೆದುಕೊಂಡ.

"ಇಷ್ಟು ದಿನ ಹೆಂಗಸಿನ ಕೈಲಿ ಮಾಡಿಸಿ ನಮಗೆ ಮಂಕುಬೂದಿ ಎರಚ್ತಿದ್ದೆ, ಅಲ್ವಾ ಧರ್ಮಣ್ಣ?" ಎಂದ. ಕೋಮಲಳಿಗೆ, "ಬ್ಯಾಡ ಬುಡವ್ವ, ಹಳೇಬೀಡಲ್ಲಿ ಮಾಡಿಸ್ಕೋತೀನಿ," ಎಂದು ಗಂಟು ಕಟ್ಟಿಕೊಂಡು ಹೊರಟ.

ವಾರ ಕಳೆಯುವುದರೊಳಗೆ ಗೋಡೆಗೆ ಒರಗಿದ್ದ ಮೆಷಿನ್ನುಗಳೆಲ್ಲ ಒಂದೊಂದಾಗಿ ಖಾಲಿಯಾದವು. ಕೆಲವರು ಬೈದು ಒಯ್ದರು, ಕೆಲವರು ಮಾತಾಡದೆ ಒಯ್ದರು. ಧರ್ಮಪ್ಪ ಮುಂದಿನ ಕೋಣೆಗೆ ಕಾಲಿಡುವುದನ್ನೇ ಬಿಟ್ಟು, ಹಿತ್ತಲ ಜಗಲಿಯಲ್ಲಿ ದನದ ಪಕ್ಕ ಕೂರತೊಡಗಿದ. ಕಣ್ಣಿನ ಆಪರೇಷನ್ನಿಗೆ ಈಗ ಒಪ್ಪಿಕೊಂಡ. ಮುಚ್ಚಿಡುವುದೇನೂ ಉಳಿದಿರಲಿಲ್ಲ.

"ಮನೆಹಾಳಿ. ಉಣ್ಣೋ ತಟ್ಟೆಗೇ ಮಣ್ಣು ಹಾಕ್ದೆ," ಎಂದು ಹನುಮಕ್ಕ ದಿನಕ್ಕೆ ಹತ್ತು ಸಲ ಹೇಳಿದಳು. ಕೋಮಲ ಬೆಳಿಗ್ಗೆ ಕೆಲಸ ಮುಗಿಸಿ ಅಂಗಡಿಯ ಬಾಗಿಲು ತೆಗೆದು ಕೂರುತ್ತಿದ್ದಳು. ಆಸೆಪಟ್ಟ ಜಾಗ ಸಿಕ್ಕಿತ್ತು, ಬೆಳಕು ಬೇಕಾದಷ್ಟಿತ್ತು. ಬಂದವರು ಹಾಸನದ ಬಸ್ಸು ಹೋಯಿತಾ ಎಂದು ಕೇಳುವವರು ಮಾತ್ರ.

ಶನಿವಾರ ಬೀರೇಶ್ ಅರಸೀಕೆರೆಯಿಂದ ಬಂದ. ಅವನ ಅಂಗೈಯ ಗಾಯ ಒಣಗಿತ್ತು. ಅವ್ವನ ಬಾಯಿಂದ ಎಲ್ಲವನ್ನೂ ಕೇಳಿಸಿಕೊಂಡು ಊಟಕ್ಕೆ ಕೂತ. ಕೋಮಲ ಮುದ್ದೆ ಇಟ್ಟು ಹುರುಳಿ ಸಾರು ಬಿಟ್ಟಳು. ಹನುಮಕ್ಕ ಹಿತ್ತಲಿಗೆ ಹೋದ ಮೇಲೆ ಅವನು ದನಿ ತಗ್ಗಿಸಿ ಕೇಳಿದ.

"ಅಲ್ಲಿ ಜನದ ಮುಂದೆ ನನ್ ಹೆಸ್ರು ಎತ್ತಲಿಲ್ಲ ತಾನೇ ನೀನು? ನಂಗೂ ಹೇಳಿದ್ದೆ ಅಂತ?"

"ಇಲ್ಲ."

"ಒಳ್ಳೇದು ಮಾಡ್ದೆ," ಎಂದು ಬೀರೇಶ್ ನಿಟ್ಟುಸಿರು ಬಿಟ್ಟು ಮುದ್ದೆ ಮುರಿದ. "ದೇವರಾಜಣ್ಣ ಮತ್ತೆ ಕೆಲಸಕ್ಕೆ ಕರೆದ್ರೂ ಕರೀಬೋದು."

ಕೋಮಲ ಸಾರಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು.

"ಜನಕ್ಕೆ ಬೇಕಾಗಿದ್ದು ಮಾಡಿದ್ದು ಯಾರು ಅಂತ. ಅದಕ್ಕೆ ನಾನು ಅಂದೆ. ಗೊತ್ತಿದ್ದೂ ಸುಮ್ನಿದ್ದೋರು ಯಾರು ಅಂತ ಯಾರೂ ಕೇಳ್ಲಿಲ್ಲ ಕಣ್ರೀ."